ಎವಾರಿಸ್ತೊ ರಾಕೆಟ್ಟಿನ ಲೆಕ್ಕ ಕಲಿತದ್ದು

ಈಗೇನು, ಇಂಟರ್ನೆಟ್ಟು ಎಲ್ಲರ ಜೇಬಿನಲ್ಲೂ ಬೆಚ್ಚಗೆ ಕೂತಿದೆ. ಆ ಕಾಲದಲ್ಲಿ ಅದಕ್ಕೆ ಅಷ್ಟು ಸಲಿಗೆ ಇರಲಿಲ್ಲ. ನಮ್ಮ ಸಾಂತಾ ರೀತಾ ಊರಿನಲ್ಲಿ ಅದು ಪಾರ್ಕಿನಲ್ಲಿ ಮಾತ್ರ ವಾಸವಾಗಿತ್ತು. ಬೇಕಾದವರು ಅಲ್ಲಿಗೇ ಹೋಗಿ ದರ್ಶನ ಮಾಡಿಕೊಂಡು ಬರಬೇಕಿತ್ತು. ಫೋನ್ ಕಚೇರಿಯ ಕಿಟಕಿಯ ಮುಂದೆ ಸಾಲು ನಿಂತು ಒಂದು ಗಂಟೆಯ ಕಾರ್ಡು ಕೊಳ್ಳಬೇಕು, ಅದರ ಬೆಳ್ಳಿ ಬಣ್ಣವನ್ನು ಉಗುರಿನಿಂದ ಕೆರೆದು ನಂಬರು ತೆಗೆಯಬೇಕು, ಆಮೇಲೆ ಬಾದಾಮಿ ಮರದ ಕೆಳಗೆ ಒಂದು ಬೆಂಚು ಹಿಡಿಯಬೇಕು. ಆ ಮರದ ಕೆಳಗೆ ಸಿಗ್ನಲ್ಲು ಚೆನ್ನಾಗಿ ಬರುತ್ತಿತ್ತು. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ, ಮರ ಕಡಿಯಬಾರದು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಸಂಜೆಯಾದರೆ ಇಡೀ ಊರು ಅಲ್ಲಿ ಕೂತು ಫೋನಿಗೆ ಕೂಗುತ್ತಿತ್ತು. ಒಬ್ಬಳು ಮ್ಯಾಡ್ರಿಡ್ಡಿನಲ್ಲಿರುವ ಮಗಳಿಗೆ ತನ್ನ ಊದಿದ ವಸಡು ತೋರಿಸುತ್ತಿದ್ದಳು. ಪಕ್ಕದ ಬೆಂಚಿನವನು ತಮ್ಮನಿಂದ ಶೂ ಬೇಡುತ್ತಿದ್ದ. ಅಳತೆ ತಪ್ಪು ಹೇಳಿದರೆ ಸುತ್ತ ಕೂತವರೇ ತಿದ್ದುತ್ತಿದ್ದರು. ಜಗಳ ಬಯಲಲ್ಲೇ, ರಾಜಿಯೂ ಬಯಲಲ್ಲೇ. ಈಗ ಎಲ್ಲರೂ ಮನೆಯ ಬಾಗಿಲು ಹಾಕಿಕೊಂಡು ಪಿಸುಗುಡುತ್ತಾರೆ, ಯಾರ ವಸಡು ಹೇಗಿದೆ ಎಂದು ತಿಳಿಯುವುದೇ ಇಲ್ಲ.

ಆ ಗದ್ದಲದ ನಡುವೆ ಕೂತು ಆಕಾಶಯಾನದ ಗಣಿತ ಕಲಿಯಲು ಹೊರಟ ಮಹಾನುಭಾವ ಎವಾರಿಸ್ತೊ.

ಎವಾರಿಸ್ತೊ ನಮ್ಮೂರ ಸಿಗಾರ್ ಕಾರ್ಖಾನೆಯ ಓದುಗ. ಅಂದರೆ ಓದುವುದೇ ಅವನ ಉದ್ಯೋಗ. ಎಲೆ ಸುತ್ತುವವರಿಗೆ ಕೈ ತುಂಬ ಕೆಲಸ, ಕಿವಿಗೆ ಮಾತ್ರ ಏನೂ ಕೆಲಸವಿಲ್ಲ. ಆ ಕಿವಿಗಳಿಗಾಗಿ ಒಬ್ಬ ಎತ್ತರದ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ ಓದಿ ಹೇಳುವುದು ಮುತ್ತಜ್ಜಂದಿರ ಕಾಲದಿಂದ ನಡೆದು ಬಂದ ಪದ್ಧತಿ. ಓದು ಹಿಡಿಸಿತೋ, ಎಲೆ ಕತ್ತರಿಸುವ ಅರ್ಧಚಂದ್ರದ ಕತ್ತಿಯಿಂದ ಎಲ್ಲರೂ ಮೇಜಿನ ಹಲಗೆಗೆ ಟಕಟಕ ಕುಟ್ಟುತ್ತಾರೆ. ಹಿಡಿಸಲಿಲ್ಲವೋ, ಕತ್ತಿಯನ್ನು ನೆಲಕ್ಕೆ ಬೀಳಿಸುತ್ತಾರೆ. ಓದುಗನನ್ನು ಕುರ್ಚಿಗೆ ಏರಿಸುವವರೂ ಅವರೇ, ಇಳಿಸುವವರೂ ಅವರೇ; ಅದಕ್ಕೆ ಕೈ ಎತ್ತಿ ಮತ ಹಾಕುತ್ತಾರೆ. ಊರಿನಲ್ಲಿ ಜನ ಅಷ್ಟು ಭಯಭಕ್ತಿಯಿಂದ ನೋಡುವ ಕುರ್ಚಿ ಇನ್ನೊಂದಿರಲಿಲ್ಲ, ಹಲ್ಲಿನ ಡಾಕ್ಟರದ್ದನ್ನು ಬಿಟ್ಟರೆ.

ಎವಾರಿಸ್ತೊಗೆ ಆ ಕುರ್ಚಿಯೇ ಹೆಂಡತಿ, ಮಕ್ಕಳು, ಆಸ್ತಿ ಎಲ್ಲ. ಮದುವೆಯಾಗಿರಲಿಲ್ಲ; ನಾಳೆ ಆದರಾಯಿತು ಎಂದುಕೊಳ್ಳುತ್ತಲೇ ಐವತ್ತರ ಹತ್ತಿರ ಬಂದಿದ್ದ. ಅಕ್ಕ ಒರ್ತೆನ್ಸಿಯಾ ಬೇಯಿಸಿ ಹಾಕುತ್ತಿದ್ದಳು, ಬೈದು ಬಡಿಸುತ್ತಿದ್ದಳು. ಧ್ವನಿ ಮಾತ್ರ ಬಂಗಾರದ್ದು. ಅವನು ಸಾವಿನ ಪ್ರಸಂಗ ಓದಿದ ದಿನ ಸಿಗಾರುಗಳೆಲ್ಲ ಒದ್ದೆಯಾಗುತ್ತಿದ್ದವು. ಇದ್ದದ್ದು ಒಂದೇ ದೋಷ, ಓದಿದ್ದಕ್ಕೆ ತನ್ನದೊಂದು ಒಗ್ಗರಣೆ ಹಾಕದೆ ಬಿಡುತ್ತಿರಲಿಲ್ಲ. ಭೂಕಂಪದ ಸುದ್ದಿ ಬಂದರೆ ಭೂಕಂಪದ ಬಗ್ಗೆ ನಾಲ್ಕು ಮಾತು, ತಿಮಿಂಗಿಲದ ಸುದ್ದಿ ಬಂದರೆ ತಿಮಿಂಗಿಲದ ಜೊತೆ ಆಡಿ ಬೆಳೆದವನಂತೆ ನಾಲ್ಕು ಮಾತು.

ಹೀಗಿರುತ್ತ ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ಭೂಮಿಯ ಸುತ್ತ ತಿರುಗುವ ಆಕಾಶದ ಮನೆಯಲ್ಲಿ ವಿಜ್ಞಾನಿಗಳು ಸೊಪ್ಪು ಬೆಳೆದು ತಿಂದರಂತೆ. ಎವಾರಿಸ್ತೊ ಓದಿ ಮುಗಿಸಿ, ಕನ್ನಡಕ ತೆಗೆದು ಒರೆಸಿ, ಒಗ್ಗರಣೆ ಹಾಕಿದ. ಸೊಪ್ಪು ಬೆಳೆಯುವುದೇ ಕಷ್ಟ, ಮನೆಯನ್ನು ಮೇಲೆ ನಿಲ್ಲಿಸುವುದು ಏನೂ ಅಲ್ಲ, ಅದು ಸಾಮಾನ್ಯ ಗಣಿತ ಎಂದುಬಿಟ್ಟ.

ಮೂರನೇ ಸಾಲಿನಲ್ಲಿ ಕೂತಿದ್ದ ಒದಿಲಿಯಾ ಎಲೆಯಿಂದ ತಲೆ ಎತ್ತಿದಳು. ಒದಿಲಿಯಾ ಕಾರ್ಖಾನೆಯಲ್ಲೇ ಒಳ್ಳೆಯ ಕೈ ಎಂದು ಹೆಸರಾದವಳು, ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು, ಎವಾರಿಸ್ತೊನ ಶಾಲೆಯ ಗೆಳತಿ.

"ಸಾಮಾನ್ಯ ಗಣಿತ ಅಂದ್ಯಲ್ಲ ಮೇಷ್ಟ್ರೇ, ಹಾಗಾದ್ರೆ ಹೇಳು. ಅದು ಯಾಕೆ ಬೀಳಲ್ಲ?"

ಎವಾರಿಸ್ತೊ ಬಾಯಿ ತೆರೆದ. ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದ.

"ನಾಳೆ ಹೇಳ್ತೀನಿ," ಎಂದ.

"ಆವತ್ತೂ ಹೀಗೇ ಅಂದಿದ್ದೆ," ಎಂದಳು ಒದಿಲಿಯಾ, ಮತ್ತೆ ಎಲೆಯ ಕಡೆ ಬಗ್ಗಿದಳು.

ಆವತ್ತು ಎಂದರೆ ನಮ್ಮ ದೇಶದವನೊಬ್ಬ ಮೊದಲ ಸಲ ಆಕಾಶಕ್ಕೆ ಹೋದ ವರ್ಷ. ಶಾಲೆಯ ಮಕ್ಕಳನ್ನೆಲ್ಲ ಮುಸ್ಸಂಜೆಯಲ್ಲಿ ಕಡಲ ಗೋಡೆಯ ಮೇಲೆ ಸಾಲಾಗಿ ನಿಲ್ಲಿಸಿ, ಮೇಲೆ ನೋಡಿ, ನಮ್ಮವನು ಹೋಗುತ್ತಾನೆ ಎಂದಿದ್ದರು. ಒಂದು ಬೆಳಕು ಹೋಯಿತು. ಅದು ಹವಾನಾದ ವಿಮಾನವೂ ಇರಬಹುದು, ಆದರೂ ಮೇಷ್ಟ್ರುಗಳು ಅತ್ತರು, ಅವರನ್ನು ನೋಡಿ ಮಕ್ಕಳೂ ಅತ್ತರು. ಎರಡು ಜಡೆಯ ಹುಡುಗಿ ಒದಿಲಿಯಾ ಮಾತ್ರ ಅಳದೆ, ಪಕ್ಕದ ಎವಾರಿಸ್ತೊನ ತೋಳು ಜಗ್ಗಿ, ಅದು ಯಾಕೆ ಬೀಳಲ್ಲ ಎಂದು ಕೇಳಿದ್ದಳು. ಹುಡುಗ ಎದೆಯುಬ್ಬಿಸಿ ನಾಳೆ ಹೇಳ್ತೀನಿ ಎಂದಿದ್ದ. ಆ ನಾಳೆ ಮೂವತ್ತೈದು ವರ್ಷ ತಡವಾಗಿತ್ತು. ಅಷ್ಟರಲ್ಲಿ ಅವಳು ಬೇರೆಯವನನ್ನು ಮದುವೆಯಾಗಿ, ಸಂಸಾರ ಮಾಡಿ, ವಿಧವೆಯೂ ಆಗಿದ್ದಳು.

ಇದು ಇಲ್ಲಿಗೇ ಮುಗಿಯುತ್ತಿತ್ತೇನೋ, ಆದರೆ ಬಾಗಿಲಲ್ಲಿ ಕಾರ್ಖಾನೆಯ ಮ್ಯಾನೇಜರ್ ರುಬಿಯೇರಾ ನಿಂತಿದ್ದ. ರುಬಿಯೇರಾಗೆ ಓದುಗರೆಂದರೆ ಆಗುತ್ತಿರಲಿಲ್ಲ. ಕಟ್ಟೆಯ ಜಾಗದಲ್ಲಿ ಒಂದು ಧ್ವನಿವರ್ಧಕ ಇಟ್ಟು ಹಾಡು, ಧಾರಾವಾಹಿ ಹಾಕಿದರೆ ಎಲ್ಲ ಸಲೀಸು ಎಂಬುದು ಅವನ ಬಹಳ ದಿನದ ಕನಸು. ಧ್ವನಿವರ್ಧಕಕ್ಕೆ ಕೆಮ್ಮು ಬರುವುದಿಲ್ಲ, ಅದು ಒಗ್ಗರಣೆ ಹಾಕುವುದೂ ಇಲ್ಲ. ಅವನು ಬಹಳ ಮರ್ಯಾದೆಯಿಂದ ಒಂದು ಸಲಹೆ ಕೊಟ್ಟ. ತಿಂಗಳ ಕೊನೆಯ ಸಭೆಯಲ್ಲಿ ಕಾಮ್ರೇಡ್ ಎವಾರಿಸ್ತೊ ಇದನ್ನು ಎಲ್ಲರಿಗೂ ತಿಳಿಯುವಂತೆ ವಿವರಿಸಲಿ, ವಿವರಿಸಿದರೆ ಕುರ್ಚಿ ಅವರದೇ, ಇಲ್ಲದಿದ್ದರೆ ಮತಕ್ಕೆ ಹಾಕೋಣ. ಎಲೆ ಸುತ್ತುವ ಸಭಾಂಗಣವಿಡೀ ಎವಾರಿಸ್ತೊನ ಮುಖ ನೋಡಿತು. ಅಂಥ ಹೊತ್ತಿನಲ್ಲಿ ಜಾಣನಾದವನು ಕೆಮ್ಮುತ್ತಾನೆ. ಎವಾರಿಸ್ತೊ ಆಗಲಿ ಎಂದ.

ಅಂದು ಸಂಜೆಯೇ ಅವನು ಒಡೆದ ಗಾಜಿನ ಫೋನು ಹಿಡಿದುಕೊಂಡು ಪಾರ್ಕಿಗೆ ಬಂದ. ಜಗತ್ತಿನ ದೊಡ್ಡ ದೊಡ್ಡ ಪ್ರೊಫೆಸರುಗಳು ರಾಕೆಟ್ಟಿನ ಪಾಠವನ್ನು ಪುಕ್ಕಟೆಯಾಗಿ ಹಂಚುತ್ತಿದ್ದಾರೆ ಎಂದು ಯಾರೋ ಹೇಳಿದ್ದು ಸುಳ್ಳಾಗಿರಲಿಲ್ಲ. ಮೊದಲ ಪಾಠದಲ್ಲೇ ಒಬ್ಬ ಬೋಳುತಲೆಯ ಪೆರು ದೇಶದ ಪ್ರೊಫೆಸರು ಹಲಗೆಯ ಮೇಲೆ ಒಂದು ಸಮೀಕರಣ ಬರೆದು, ಇದರಲ್ಲೇ ಎಲ್ಲ ಇದೆ ಎಂದು ನಕ್ಕ. ಸಮೀಕರಣದಲ್ಲಿ ಲಾಗರಿದಮ್ಮು ಇತ್ತು. ಲಾಗರಿದಮ್ಮು ತಿಳಿಯಲು ಎವಾರಿಸ್ತೊ ಕೆಳಗಿನ ತರಗತಿಯ ಪಾಠಕ್ಕೆ ಹೋದ, ಅಲ್ಲಿ ಘಾತಗಳಿದ್ದವು. ಘಾತಕ್ಕಾಗಿ ಅದರ ಹಿಂದಿನ ಪಾಠ, ಅದಕ್ಕಾಗಿ ಅದರ ಹಿಂದಿನದು. ಹೀಗೆ ಹಿಂದೆ ಹಿಂದೆ ಸರಿದು, ಚಂದ್ರನ ಕಡೆಗೆ ಹೊರಟವನು ವಾರ ಕಳೆಯುವಷ್ಟರಲ್ಲಿ ಮೂರನೇ ಕ್ಲಾಸಿಗೆ ಬಂದು ಇಳಿದ. ಅಲ್ಲಿ ಒಂದು ಬಟ್ಟೆಯ ಮೊಲ ಕ್ಯಾರೆಟ್ಟನ್ನು ಕತ್ತರಿಸಿ ಭಿನ್ನರಾಶಿ ಹೇಳಿಕೊಡುತ್ತಿತ್ತು. ಎವಾರಿಸ್ತೊ ಮೊಲದ ಶಿಷ್ಯನಾದ.

ಮೊಲದಿಂದ ಮತ್ತೆ ಬೋಳುತಲೆಗೆ ಏರಿ ಬರುವಷ್ಟರಲ್ಲಿ ಕಾರ್ಡುಗಳೆಷ್ಟು ಸವೆದವೋ ಅಕ್ಕನಿಗೆ ತಿಳಿಯದಂತೆ ನೋಡಿಕೊಂಡ. ಇನ್ನೊಂದು ತೊಂದರೆಯೆಂದರೆ ಸಿಗ್ನಲ್ಲು. ಪ್ರೊಫೆಸರು ಮುಖ್ಯವಾದ ಮಾತಿಗೆ ಬಂದಾಗಲೆಲ್ಲ ಬಾಯಿ ತೆರೆದುಕೊಂಡು ಹಾಗೇ ಕಲ್ಲಾಗಿ ನಿಂತುಬಿಡುತ್ತಿದ್ದ. ಆಗ ಎವಾರಿಸ್ತೊ ಫೋನನ್ನು ಮರದ ಕಡೆ ಎತ್ತಿ ಹಿಡಿದು, ಮುಂದೇನು ಹೇಳಪ್ಪ ಎಂದು ಬೇಡಿಕೊಳ್ಳುತ್ತಿದ್ದ. ಸುತ್ತಲಿನವರು ಇವನಿಗೂ ಆಚೆ ದೇಶದಲ್ಲಿ ಯಾರೋ ಬಂಧು ಇದ್ದಾನೆ, ಆದರೆ ಬಾಯಿ ಬಿಡದ ಕಲ್ಲುಹೃದಯದವನು ಎಂದು ಮರುಕಪಟ್ಟರು.

ಲೆಕ್ಕವನ್ನೆಲ್ಲ ಅವನು ತಪ್ಪಾಗಿ ಅಚ್ಚಾದ ಸಿಗಾರ್ ಲೇಬಲ್ಲುಗಳ ಬೆನ್ನಿಗೆ ಬರೆಯುತ್ತಿದ್ದ. ಒಂದು ದುಂಡು, ಅದರಿಂದ ಹೊರಟ ಒಂದು ಬಾಗಿದ ಗೆರೆ, ಪಕ್ಕದಲ್ಲಿ ಇಂಧನದ ಲೆಕ್ಕ. ಯಾರಾದರೂ ಹತ್ತಿರ ಬಂದರೆ ಮಡಿಚಿ ಅಂಗಿಯೊಳಗೆ ಇಟ್ಟುಕೊಳ್ಳುತ್ತಿದ್ದ. ಉತ್ತರ ಮೊದಲು ಸಭೆಯಲ್ಲೇ ಕೇಳಿಬರಬೇಕು, ಅಲ್ಲಿಯವರೆಗೆ ಒದಿಲಿಯಾಳ ಕಿವಿಗೆ ಬೀಳಬಾರದು ಎಂಬುದು ಅವನ ಹಟ. ನಮ್ಮದು ಕಡಲ ತಡಿಯ ಊರು. ಆಗ ನಮ್ಮಲ್ಲಿ ಯಾರಾದರೂ ಎರಡು ಹಲಗೆ ಸೇರಿಸಿ ಮೊಳೆ ಹೊಡೆದರೂ ಜನ ಕಡಲಾಚೆಯ ಮಯಾಮಿಗೆ ಕದ್ದು ಓಡುವುದು ಯಾವಾಗ ಎಂದು ಕಣ್ಣಲ್ಲೇ ಕೇಳುತ್ತಿದ್ದ ಕಾಲ. ಅಂಥ ಊರಲ್ಲಿ ಕಾಗದ ಮಡಿಚಿ ಅಂಗಿಯೊಳಗೆ ಇಟ್ಟುಕೊಳ್ಳಬಾರದು ಎಂಬ ಸಾಮಾನ್ಯ ಜ್ಞಾನವನ್ನು ಯಾವ ಪ್ರೊಫೆಸರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಬೆಂಕಿ ಹತ್ತಿದ್ದು ಬೆಸ್ತರ ನಿಕಾಸಿಯೊನಿಂದ. ರಾಕೆಟ್ಟು ಇಂಧನ ಹೊರಬೇಕು, ಆ ಇಂಧನವನ್ನು ಹೊರಲು ಇನ್ನಷ್ಟು ಇಂಧನ ಹೊರಬೇಕು ಎಂಬಲ್ಲಿ ಎವಾರಿಸ್ತೊನ ತಲೆ ಕಟ್ಟಿಹೋಗಿತ್ತು. ದೋಣಿಯಲ್ಲೂ ಇದೇ ಕಷ್ಟ ಇರಬೇಕಲ್ಲ ಎಂದು ಹೊಳೆದು, ಬೆಂಚಿನ ಪಕ್ಕ ಕೂತಿದ್ದ ನಿಕಾಸಿಯೊನನ್ನು ಕೇಳಿದ.

"ದೂರ ಹೋಗ್ಬೇಕು ಅಂದ್ರೆ ಪೆಟ್ರೋಲು ಜಾಸ್ತಿ ಬೇಕು. ಪೆಟ್ರೋಲು ಜಾಸ್ತಿ ಆದ್ರೆ ಭಾರ ಜಾಸ್ತಿ. ಆ ಭಾರಕ್ಕೆ ಮತ್ತೆ ಪೆಟ್ರೋಲು. ಇದನ್ನ ಹೇಗೆ ಲೆಕ್ಕ ಹಾಕ್ತೀಯಪ್ಪ ನೀನು?"

ನಿಕಾಸಿಯೊ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಧ್ವನಿ ಇಳಿಸಿದ.

"ಎಷ್ಟು ಜನ?"

"ಮೂರು ಜನ ಅಂತ ಇಟ್ಕೊ," ಎಂದ ಎವಾರಿಸ್ತೊ. ಪಾಠದ ರಾಕೆಟ್ಟಿನಲ್ಲಿ ಮೂವರಿದ್ದರು.

"ಯಾವಾಗ?"

"ಯಾವಾಗ ಬೇಕಾದ್ರೂ ಹೊರಡೋಕಾಗಲ್ಲ. ಇಂಥ ಹೊತ್ತು ಅಂತ ಇರುತ್ತೆ, ಅದು ತಪ್ಪಿದ್ರೆ ಕಾಯ್ಬೇಕು."

"ಹೌದೌದು. ಗಾಳಿ ನೋಡ್ಬೇಕು."

"ಅಲ್ಲಿ ಗಾಳಿನೇ ಇರಲ್ಲ."

ನಿಕಾಸಿಯೊ ಮೆಚ್ಚುಗೆಯಿಂದ ತಲೆದೂಗಿದ. ಇಪ್ಪತ್ತು ವರ್ಷ ಕಡಲಲ್ಲಿ ಕಳೆದ ತನಗೇ ಗಾಳಿಯಿಲ್ಲದ ದಾರಿ ಗೊತ್ತಿಲ್ಲ, ಕುರ್ಚಿಯಲ್ಲಿ ಕೂತು ಪುಸ್ತಕ ಓದುವವನು ಕಂಡುಹಿಡಿದಿದ್ದಾನೆ. ಅವನು ಎವಾರಿಸ್ತೊನ ಕೈಹಿಡಿದು, ತಾನು ಯಾರಿಗೂ ಹೇಳುವುದಿಲ್ಲ ಎಂದು ಸತ್ತ ತಾಯಿಯ ಆಣೆ ಮಾಡಿದ. ಪಾಠದ ಬಗ್ಗೆ ಇಷ್ಟು ನಿಷ್ಠೆಯೇ ಎಂದು ಎವಾರಿಸ್ತೊನ ಕಣ್ಣು ತುಂಬಿತು.

ಆಣೆ ಮಾಡಿದ ಮೇಲೆ ಕೇಳಬೇಕೆ, ಮಾರನೆಯ ದಿನಕ್ಕೆ ಊರಿಗೆಲ್ಲ ಗೊತ್ತಾಗಿತ್ತು. ಸುದ್ದಿ ಹನುಮಂತನ ಬಾಲದಂತೆ ಬೆಳೆಯಿತು. ದೋಣಿ ಸಿದ್ಧವಾಗಿದೆಯಂತೆ, ರಷ್ಯದ ಟ್ರ್ಯಾಕ್ಟರಿನ ಎಂಜಿನ್ನಂತೆ, ಮೂರೇ ಸೀಟಂತೆ. ಒಂದು ಎವಾರಿಸ್ತೊನದು, ಇನ್ನೊಂದು ಅಕ್ಕನದು, ಮೂರನೆಯದು ಯಾರದು ಎಂಬ ಚರ್ಚೆಯಲ್ಲಿ ಬ್ರೆಡ್ಡಿನ ಅಂಗಡಿಯ ಸಾಲು ಎರಡು ಪಾಲಾಯಿತು. ಒಂದು ಪಾಲು ಒದಿಲಿಯಾಳ ಹೆಸರು ಹೇಳಿತು. ಆದರೆ ಇದು ಬಾಯಿಬಿಟ್ಟು ಆಡುವ ಮಾತಲ್ಲ. ಕೇಳಬಾರದವರು ಕೇಳಿದರೆ ಕೇಸಾಗುತ್ತದೆ. ಆದ್ದರಿಂದ ಇಡೀ ಊರು ಸನ್ನೆಯಲ್ಲಿ, ಕೆಮ್ಮಿನಲ್ಲಿ, ನಿಟ್ಟುಸಿರಿನಲ್ಲಿ ಮಾತಾಡತೊಡಗಿತು. ಗೊತ್ತಿಲ್ಲದೆ ಉಳಿದವನು ಎವಾರಿಸ್ತೊ ಒಬ್ಬನೇ.

ಜನ ತನ್ನನ್ನು ನೋಡಿ ಟೋಪಿ ತೆಗೆಯುವುದನ್ನು ಅವನು ಗಮನಿಸಿದ. ಗಣಿತ ಕಲಿತವರ ಮುಖದಲ್ಲಿ ಒಂದು ಕಳೆ ಬರುತ್ತದೆ ಎಂದು ಕೇಳಿದ್ದ, ಕನ್ನಡಿಯಲ್ಲಿ ನೋಡಿಕೊಂಡ, ಇದ್ದರೂ ಇರಬಹುದು ಅನ್ನಿಸಿತು. ಆಮೇಲೆ ಕಾಣಿಕೆಗಳು ಬರಲು ಶುರುವಾದವು. ಮಯಾಮಿಯಲ್ಲಿ ತಮ್ಮನಿದ್ದ ಕ್ಷೌರಿಕ ಪೇರಲೆ ಹಣ್ಣಿನ ಮಿಠಾಯಿಯ ಗಟ್ಟಿಯೊಂದನ್ನು ಕೈಗಿತ್ತು, ನನ್ನ ತಮ್ಮನಿಗೆ ಇದೆಂದರೆ ಪ್ರಾಣ ಎಂದು ಬೆನ್ನು ತಟ್ಟಿದ. ತಮ್ಮನಿಗೆ ಪ್ರಾಣವಾದರೆ ನನಗೇಕೆ ಕೊಡುತ್ತಾನೆ ಎಂದು ಎವಾರಿಸ್ತೊ ಒಂದು ಕ್ಷಣ ಯೋಚಿಸಿದ. ವಿದ್ಯೆಗೆ ಸಲ್ಲಿಸುವ ಗೌರವ ಎಂದುಕೊಂಡು ಅರ್ಧ ಗಟ್ಟಿ ತಿಂದ.

ಬೀದಿ ಸಮಿತಿಯ ಅಧ್ಯಕ್ಷೆ ಇದೆಲಿಸಾ ಬಂದದ್ದು ಬೇರೆಯೇ ಠೀವಿಯಲ್ಲಿ. ಬೀದಿಯಲ್ಲಿ ಯಾರು ಏನು ಮಾಡುತ್ತಾರೆ ಎಂದು ಕಣ್ಣಿಡುವುದು ಅವಳ ಕೆಲಸ. ಕುರ್ಚಿಯ ತುದಿಯಲ್ಲಿ ಕೂತು, ಕೆಲವರು ತಾಯ್ನಾಡಿನ ಋಣ ಮರೆಯುತ್ತಾರೆ, ಕಡಲು ಅಪಾಯದ್ದು, ಶಾರ್ಕುಗಳಿಗೆ ತತ್ವ ಸಿದ್ಧಾಂತ ಇಲ್ಲ ಎಂದು ಗಂಭೀರವಾಗಿ ಭಾಷಣ ಮಾಡಿದಳು. ಎವಾರಿಸ್ತೊ ಎಲ್ಲದಕ್ಕೂ ಹೌದು ಎಂದ. ಭಾಷಣ ಮುಗಿಸಿ, ಬಾಗಿಲ ತನಕ ಹೋಗಿ, ಹೊರಗೆ ಯಾರೂ ಇಲ್ಲವೆಂದು ನೋಡಿಕೊಂಡು, ಚೀಲದಿಂದ ಒಂದು ಕಾಫಿ ಪುಡಿಯ ಪೊಟ್ಟಣ ತೆಗೆದಳು.

"ನಮ್ಮಕ್ಕನಿಗೆ ಅಲ್ಲಿನ ಕಾಫಿ ಹಿಡಿಸಲ್ವಂತೆ," ಎಂದಳು. "ನೆನೆಯದ ಹಾಗೆ ನೋಡ್ಕೊ."

ಎವಾರಿಸ್ತೊ ಪೊಟ್ಟಣವನ್ನು ಒಲೆಯ ಹತ್ತಿರದ ಡಬ್ಬಿಯಲ್ಲಿ ಭದ್ರವಾಗಿಟ್ಟ. ಒಳ್ಳೆಯ ಕಾಫಿ. ಎರಡು ದಿನ ಅದನ್ನೇ ಕುಡಿದು ಲೆಕ್ಕ ಮಾಡಿದ.

ಅಕ್ಕ ಒರ್ತೆನ್ಸಿಯಾ ಮಾತ್ರ ಕೆಲವು ದಿನ ಮುಖ ಊದಿಸಿಕೊಂಡು ಓಡಾಡಿದಳು, ತಮ್ಮ ತನಗೊಂದು ಮಾತೂ ಹೇಳಲಿಲ್ಲವಲ್ಲ ಎಂದು. ಎರಡನೆಯ ಸೀಟು ತನ್ನದೇ ಎಂದು ಬ್ರೆಡ್ಡಿನ ಸಾಲಿನಲ್ಲಿ ಖಚಿತವಾದ ಮೇಲೆ ಸಮಾಧಾನವಾಯಿತು. ಜೀವಮಾನದಲ್ಲಿ ಹಿಮ್ಮಡಿಗಿಂತ ಆಳಕ್ಕೆ ಇಳಿಯದವಳು ದಿನಾ ಬೆಳಿಗ್ಗೆ ಲಾರಿ ಟ್ಯೂಬೊಂದನ್ನು ಸೊಂಟಕ್ಕೆ ಹಾಕಿಕೊಂಡು ಕಡಲಲ್ಲಿ ಕೈಕಾಲು ಬಡಿಯತೊಡಗಿದಳು. ಮನೆಯಲ್ಲಿ ಕಾಫಿ ಕಾಸುವ ಪಾತ್ರೆ, ಮಾತೆ ಮೇರಿಯ ಪುಟ್ಟ ವಿಗ್ರಹ, ಮದುವೆಮನೆಗೆಂದು ಇಟ್ಟಿದ್ದ ಚಪ್ಪಲಿ ಒಂದೊಂದಾಗಿ ಕಾಣೆಯಾಗಿ ಒಂದು ಚೀಲ ಉಬ್ಬುತ್ತ ಹೋಯಿತು. ಮಂಡಿನೋವಿಗೆ ಡಾಕ್ಟರು ಈಜು ಹೇಳಿರಬೇಕು ಎಂದುಕೊಂಡ ಎವಾರಿಸ್ತೊ, ವಯಸ್ಸಾದ ಮೇಲೂ ಕಲಿಯುವ ಆಸೆ ನಮ್ಮ ವಂಶದಲ್ಲೇ ಇದೆ ಎಂದು ಹೆಮ್ಮೆಪಟ್ಟ.

ಒಂದು ಸಂಗತಿ ಮಾತ್ರ ಅವನಿಗೆ ಮುಳ್ಳಿನಂತೆ ಚುಚ್ಚಿತು. ಒದಿಲಿಯಾ ಅವನ ಕಡೆ ನೋಡುವುದನ್ನೇ ಬಿಟ್ಟಿದ್ದಳು. ಅವನು ಎಂಥ ಪ್ರಸಂಗ ಓದಿದರೂ ಅವಳ ಕತ್ತಿ ಹಲಗೆ ಕುಟ್ಟುತ್ತಿರಲಿಲ್ಲ, ನೆಲಕ್ಕೂ ಬೀಳುತ್ತಿರಲಿಲ್ಲ. ಮೂರನೆಯ ಸೀಟಿನ ಬಗ್ಗೆ ಯಾರೋ ಅವಳನ್ನು ಕೆಣಕಿದಾಗ, ಕರೆದಿಲ್ಲ, ಕರೆದರೂ ಹೋಗಲ್ಲ ಎಂದಿದ್ದಳಂತೆ. ಹಾಗೆನ್ನುವಾಗ ಸುತ್ತುತ್ತಿದ್ದ ಸಿಗಾರು ಕೈಯಲ್ಲಿ ಮುರಿಯಿತಂತೆ. ಒದಿಲಿಯಾಳ ಕೈಯಲ್ಲಿ ಸಿಗಾರು ಮುರಿದದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ.

ತಿಂಗಳ ಕೊನೆ ಬಂತು. ಎವಾರಿಸ್ತೊ ಇಸ್ತ್ರಿ ಅಂಗಿ ತೊಟ್ಟು ಸಭಾಂಗಣಕ್ಕೆ ಬಂದರೆ ಅಲ್ಲೊಂದು ಕೆನೆ ಹಾಕಿದ ದೊಡ್ಡ ಕೇಕು, ಸೋಡಾ ಬಾಟಲಿಗಳು, ಕಟ್ಟೆಯ ಪಕ್ಕದಲ್ಲಿ ಬಟ್ಟೆ ಮುಚ್ಚಿದ ಒಂದು ದೊಡ್ಡ ಪೆಟ್ಟಿಗೆ. ಪಾಠಕ್ಕೆ ಕೇಕು ತರಿಸಿದ ರುಬಿಯೇರಾನ ಬಗ್ಗೆ ತಾನು ಇಷ್ಟು ದಿನ ತಪ್ಪು ತಿಳಿದಿದ್ದೆ ಅನ್ನಿಸಿತು. ಊರವರೂ ಬಂದಿದ್ದರು. ನಿಕಾಸಿಯೊ ಕಿಟಕಿಯ ಹೊರಗೆ, ಇದೆಲಿಸಾ ಅಧಿಕಾರದ ನಗುವಿನೊಂದಿಗೆ ಮುಂದಿನ ಸಾಲಿನಲ್ಲಿ, ಅಕ್ಕ ಒರ್ತೆನ್ಸಿಯಾ ಉಬ್ಬಿದ ಚೀಲ ತಬ್ಬಿಕೊಂಡು ಹಿಂದೆ.

ರುಬಿಯೇರಾ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ಕಾಮ್ರೇಡ್ ಎವಾರಿಸ್ತೊ ಎಲ್ಲಿಗೂ ಹೋಗುತ್ತಿಲ್ಲ ಎಂಬುದು ನಮಗೆಲ್ಲ ಚೆನ್ನಾಗಿ ಗೊತ್ತು," ಎಂದ. "ಹಾಗೆ ಎಲ್ಲಿಗೂ ಹೋಗದೆ ಇರುವ ಈ ದುಃಖದ ಸಂದರ್ಭದಲ್ಲಿ ಅವರನ್ನು ನಾವು ಭಾರವಾದ ಹೃದಯದಿಂದ ಬೀಳ್ಕೊಡುತ್ತಿದ್ದೇವೆ. ಅವರು ಇಲ್ಲೇ ಇದ್ದರೂ ನಮ್ಮ ಮನಸ್ಸಿನಲ್ಲಿ ಸದಾ ಇರುತ್ತಾರೆ."

ಹಲವರು ಕಣ್ಣೊರೆಸಿಕೊಂಡರು. ಎವಾರಿಸ್ತೊ ಕೂಡ ಒರೆಸಿಕೊಂಡ, ಮಾತು ಅರ್ಥವಾಗದಿದ್ದರೂ ಧ್ವನಿ ಚೆನ್ನಾಗಿತ್ತು. ರುಬಿಯೇರಾ ಪೆಟ್ಟಿಗೆಯ ಮೇಲಿನ ಬಟ್ಟೆ ಸರಿಸಿದ. ಧ್ವನಿವರ್ಧಕ. ಖಾಲಿಯಾಗುವ ಕುರ್ಚಿಗೆ ಇದೇ ಗತಿ, ಒಪ್ಪಿಗೆಯಿದ್ದವರು ಕೈ ಎತ್ತಿ ಎಂದ.

ಒಂದು ಕೈ ಎದ್ದಿತು. ಇನ್ನೊಂದು ಎದ್ದಿತು. ಯಾರಿಗೂ ಮನಸ್ಸಿಲ್ಲ, ಆದರೆ ಹೋಗುವವನನ್ನು ಹಿಡಿದಿಡುವುದು ಹೇಗೆ? ತಾನಿನ್ನೂ ಬಾಯಿಯೇ ತೆರೆದಿಲ್ಲ, ಆಗಲೇ ಸೋಲಿಸುತ್ತಿದ್ದಾರಲ್ಲ ಎಂದು ಎವಾರಿಸ್ತೊ ಕುರ್ಚಿಯ ಬೆನ್ನು ಹಿಡಿದುಕೊಂಡ. ಅಂಗಿಯೊಳಗಿನ ಲೇಬಲ್ಲುಗಳು ಬೆವರಿಗೆ ಅಂಟಿಕೊಂಡವು. ಕುರ್ಚಿ ಹೋಯಿತು ಎಂದುಕೊಂಡ.

ಆಗ ಮೂರನೆಯ ಸಾಲಿನಿಂದ ಒದಿಲಿಯಾ ಎದ್ದಳು.

"ಕೈ ಎತ್ತೋದು ಆಮೇಲೆ," ಎಂದಳು. "ಹೋಗೋನು ಹೋಗ್ಲಿ, ನಾನು ಬೇಡ ಅನ್ನಲ್ಲ. ನನ್ನ ಪ್ರಶ್ನೆಗೆ ಉತ್ತರ ಹೇಳಿ ಹೋಗ್ಲಿ."

"ಎಲ್ಲಿಗೆ ಹೋಗ್ಲಿ?" ಎಂದ ಎವಾರಿಸ್ತೊ.

ಯಾರೂ ಆಡಬಾರದ ಹೆಸರನ್ನು ಹಿಂದಿನಿಂದ ಅಕ್ಕ ಒರ್ತೆನ್ಸಿಯಾ ಆಡಿಯೇಬಿಟ್ಟಳು.

"ಮಯಾಮಿಗೆ, ಇನ್ನೆಲ್ಲಿಗೆ? ಈ ವಯಸ್ಸಲ್ಲಿ ನಾನು ಟ್ಯೂಬ್ ಕಟ್ಕೊಂಡು ನೀರಿಗೆ ಬಿದ್ದಿದ್ದು ಯಾಕೆ ಅನ್ಕೊಂಡೆ?"

ಇದೆಲಿಸಾ ಥಟ್ಟನೆ ಎರಡೂ ಕಿವಿ ಮುಚ್ಚಿಕೊಂಡು, ತನಗೇನೂ ಕೇಳಿಸಲಿಲ್ಲ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದಳು. ಎವಾರಿಸ್ತೊ ಅಂಗಿಯೊಳಗಿಂದ ಲೇಬಲ್ಲುಗಳನ್ನು ಹೊರತೆಗೆದು ಎತ್ತಿ ಹಿಡಿದ. ಇದು ರಾಕೆಟ್ಟಿನ ಲೆಕ್ಕ, ಈ ದುಂಡು ಅಂದರೆ ಭೂಮಿ, ಈ ಗೆರೆ ರಾಕೆಟ್ಟಿನ ದಾರಿ ಎಂದ. ಕಿಟಕಿಯಿಂದ ನಿಕಾಸಿಯೊ ಇಣುಕಿ, ಭೂಮಿನಾ, ನಾನು ಎದುರಿನ ನಡುಗಡ್ಡೆ ಅನ್ಕೊಂಡೆ ಎಂದು ತಲೆ ಕೆರೆದುಕೊಂಡ. ಎಲ್ಲರ ತಲೆಯೊಳಗೂ ನಿಧಾನವಾಗಿ ಒಂದೊಂದೇ ದೋಣಿ ಮುಳುಗಿತು. ಕ್ಷೌರಿಕ ಪೇರಲೆ ಮಿಠಾಯಿಯನ್ನು ನೆನೆದು ನರಳಿದ.

ಆದರೆ ಒದಿಲಿಯಾ ಕೂತಿರಲಿಲ್ಲ. ಅವಳ ಕತ್ತಿ ಕೈಯಲ್ಲೇ ಇತ್ತು, ಹಲಗೆಗೂ ಅಲ್ಲ, ನೆಲಕ್ಕೂ ಅಲ್ಲ.

ಎವಾರಿಸ್ತೊ ಲೇಬಲ್ಲು ನೋಡಿದ. ಬೆವರಿಗೆ ಅಂಕಿಗಳೆಲ್ಲ ಕಲಸಿಹೋಗಿದ್ದವು. ಬೋಳುತಲೆಯ ಪ್ರೊಫೆಸರು ಹೇಳಿದ್ದರಲ್ಲಿ ಒಂದು ಅಕ್ಷರವೂ ನೆನಪಾಗಲಿಲ್ಲ. ಕಟ್ಟೆಯಿಂದ ಇಳಿದು, ಅವಳ ಮೇಜಿನಿಂದ ಚೂರು ಎಲೆಗಳನ್ನು ಬಾಚಿ, ಉಂಡೆ ಕಟ್ಟಿ, ಮತ್ತೆ ಕಟ್ಟೆ ಹತ್ತಿದ. ಮೆಲ್ಲಗೆ ಎಸೆದ, ಉಂಡೆ ಮೊದಲ ಸಾಲಿನಲ್ಲಿ ಬಿತ್ತು. ತರಿಸಿಕೊಂಡು ಜೋರಾಗಿ ಎಸೆದ, ರುಬಿಯೇರಾನ ಕೇಕಿನ ಮೇಲೆ ಬಿತ್ತು. ಕೆನೆ ಒರೆಸಿ ಇನ್ನೂ ಜೋರಾಗಿ ಎಸೆದ, ಕಿಟಕಿ ದಾಟಿ ನಿಕಾಸಿಯೊನ ಹಣೆಗೆ ಬಡಿಯಿತು.

"ನೋಡಿದ್ಯಲ್ಲ," ಎಂದ. "ಜೋರಾಗಿ ಎಸೆದಷ್ಟೂ ದೂರ ಹೋಗಿ ಬೀಳುತ್ತೆ. ಇನ್ನೂ ಜೋರಾದ್ರೆ ಹವಾನಾದಲ್ಲಿ ಬೀಳುತ್ತೆ, ಇನ್ನೂ ಜೋರಾದ್ರೆ ಮೆಕ್ಸಿಕೊದಲ್ಲಿ. ಭೂಮಿ ದುಂಡಗಿದೆ ಒದಿಲಿಯಾ. ಒಂದು ಸಿಗಾರ್ ಹಚ್ಚೋ ಅಷ್ಟರಲ್ಲಿ ಇಲ್ಲಿಂದ ಹವಾನಾ ಮುಟ್ಟೋ ಅಷ್ಟು ಜೋರಾಗಿ ಎಸೆದ್ರೆ, ಅದು ಕೆಳಗೆ ಬೀಳೋ ಅಷ್ಟರಲ್ಲಿ ನೆಲಾನೂ ಅಷ್ಟೇ ಬಾಗಿ ಕೆಳಗೆ ಸರಿದಿರುತ್ತೆ. ಅದು ಬೀಳಲ್ಲ ಅಂತಲ್ಲ. ಬೀಳ್ತಾನೇ ಇರುತ್ತೆ, ನೆಲ ಸಿಗಲ್ಲ, ಅಷ್ಟೇ. ಮತ್ತೆ ಮತ್ತೆ ನಮ್ಮೂರ ಮೇಲೇ ಬರುತ್ತೆ."

"ಪೂರ್ತಿ ಬಿಟ್ಟು ಹೋಗಲ್ವಾ?"

"ಬಿಟ್ಟು ಹೋಗೋಕೆ ಇದರ ಮೇಲೆ ಇನ್ನೂ ಹತ್ತಿರ ಹತ್ತಿರ ಅರ್ಧದಷ್ಟು ವೇಗ ಬೇಕು. ಅದು ನನ್ನಲ್ಲಿ ಎಲ್ಲಿದೆ? ಈ ಕುರ್ಚಿ, ಆ ಪಾರ್ಕು, ಈ ಮೂರನೇ ಸಾಲು, ನಾನು ಇವನ್ನೇ ಸುತ್ತೋನು."

ಇದು ಪಾಠದಲ್ಲಿ ಇರಲಿಲ್ಲ. ಬಾಯಿಂದ ಹೇಗೆ ಬಂತೋ ಅವನಿಗೇ ತಿಳಿಯಲಿಲ್ಲ, ಕಿವಿಯವರೆಗೆ ಕೆಂಪಾದ. ಇಷ್ಟು ವರ್ಷ ಓದಿದ ಕಾದಂಬರಿಗಳಲ್ಲಿ ಇಂಥ ಕಡೆ ಅವನು ಸ್ವಲ್ಪ ತಡೆದು ನೀರು ಕುಡಿಯುತ್ತಿದ್ದ. ಆವತ್ತು ನೀರು ಇರಲಿಲ್ಲ.

ಒದಿಲಿಯಾ ಕತ್ತಿಯನ್ನು ಮೆಲ್ಲಗೆ ಹಲಗೆಗೆ ಒಂದು ಸಲ ಕುಟ್ಟಿದಳು. ಅವಳ ಪಕ್ಕದವಳು ಕುಟ್ಟಿದಳು, ಹಿಂದಿನ ಸಾಲು ಕುಟ್ಟಿತು, ಆಮೇಲೆ ಸಭಾಂಗಣವೇ ಕುಟ್ಟಿತು. ಕತ್ತಿಯಿಲ್ಲದ ಇದೆಲಿಸಾ ಚಪ್ಪಲಿ ಕಳಚಿ ಕುರ್ಚಿಗೆ ಕುಟ್ಟಿದಳು. ರುಬಿಯೇರಾ ಧ್ವನಿವರ್ಧಕಕ್ಕೆ ಮತ್ತೆ ಬಟ್ಟೆ ಹೊದಿಸಿದ.

ಸದ್ದು ಅಡಗಿದ ಮೇಲೆ ಒದಿಲಿಯಾ ಕೂರಲು ಹೋದವಳು ಮತ್ತೆ ನಿಂತಳು.

"ಸರಿ. ಬೀಳ್ತಾನೇ ಇರೋದನ್ನ ಇಳಿಸೋದು ಹೇಗೆ? ಸೊಪ್ಪು ತಿಂದೋರು ಮನೆಗೆ ಬರ್ಬೇಕಲ್ಲ."

ಎವಾರಿಸ್ತೊ ಬಾಯಿ ತೆರೆದ. ಪ್ರೊಫೆಸರು ಕಲ್ಲಾಗಿ ನಿಲ್ಲುತ್ತಿದ್ದದ್ದು ಸರಿಯಾಗಿ ಅದೇ ಜಾಗದಲ್ಲಿ.

"ಅದನ್ನ ನಾಳೆ ಹೇಳ್ತೀನಿ," ಎಂದ.

ಗೋಡೆ ನಡುಗುವಂತೆ ಜನ ನಕ್ಕರು. ಒದಿಲಿಯಾ ಸೊಂಟಕ್ಕೆ ಕಟ್ಟಿದ್ದ ಏಪ್ರನ್ನು ಬಿಚ್ಚಿ ಮಡಿಚಿಟ್ಟಳು.

"ಬೇಡಪ್ಪ, ನಿನ್ನ ನಾಳೆ ನಾನು ನೋಡಿದ್ದೀನಿ. ಸಂಜೆ ಪಾರ್ಕಿಗೆ ನಾನೂ ಬರ್ತೀನಿ. ಕಾರ್ಡು ನನ್ನದು."

ಆ ಸಂಜೆಯಿಂದ ಬಾದಾಮಿ ಮರದ ಕೆಳಗಿನ ಬೆಂಚಿನಲ್ಲಿ ಒಂದು ಫೋನಿಗೆ ಎರಡು ತಲೆಗಳು ಬಗ್ಗಿರುತ್ತಿದ್ದವು. ಇದೆಲಿಸಾ ಉಳಿದ ಕಾಫಿಯನ್ನು ವಾಪಸ್ಸು ಕೇಳಲು ಬಂದವಳು, ಹೋಗಲಿ ಕುಡಿಯಿರಿ ಎಂದು ಹೇಳಿ ಹೋದಳಂತೆ. ಅಕ್ಕ ಒರ್ತೆನ್ಸಿಯಾ ಇವತ್ತಿಗೂ ದಿನಾ ಬೆಳಿಗ್ಗೆ ಕಡಲಿಗೆ ಇಳಿಯುತ್ತಾಳೆ. ಟ್ಯೂಬು ಬಿಟ್ಟು ಬಹಳ ಕಾಲವಾಯಿತು. ಪಾರ್ಕಿಗೆ ಈಗ ಯಾರೂ ಬರುವುದಿಲ್ಲ. ಪಾಠಗಳು ಮನೆಯಲ್ಲೇ, ಮಂಚದ ಮೇಲೇ, ತಡವರಿಸದೆ ಬರುತ್ತವೆ. ಆದರೂ ಅವರಿಬ್ಬರು ಸಂಜೆ ಅಲ್ಲೇ ಬಂದು ಕೂರುತ್ತಾರೆ. ನೆರೆಯವರು ಕಿಟಕಿಯಿಂದ, ಇನ್ನೂ ಮುಗಿಯಲಿಲ್ವೇನ್ರೀ ಆ ಲೆಕ್ಕ ಎಂದು ರೇಗಿಸುತ್ತಾರೆ.

ಇಳಿಸೋ ಭಾಗ ಒಂದು ಬಾಕಿ ಇದೆ ಎನ್ನುತ್ತಾನೆ ಎವಾರಿಸ್ತೊ. ಅದನ್ನು ನಾಳೆ ನೋಡಿದರಾಯಿತು ಎನ್ನುತ್ತಾಳೆ ಒದಿಲಿಯಾ.